ಬಗ್ಗಿದವರಿಗೊಂದು ಗುದ್ದು

ನಮ್ಮ ಶಾಲೆಯ ಸ್ನೇಹ ಸಮ್ಮೇಳನಕ್ಕೆ ಮಕ್ಕಳಿಂದ ಏಕಲವ್ಯನ ನಾಟಕ ಆಡಿಸುವುದೆಂದು ನಿಶ್ಚಯವಾದ ಮೇಲೆ ನನಗೆ ಬಿಲ್ಲಿನ ಚಿಂತೆ ಹತ್ತಿತು. ಹಿಂದಿನ ವರ್ಷ ಸೀತಾಸ್ವಯಂವರ ಆಡಿಸಿದ್ದೆವು. ಶಿವಧನುಸ್ಸಿಗೆಂದು ಬಿದಿರಿನ ಸೀಳನ್ನು ಬಗ್ಗಿಸಿ, ಪ್ಲಾಸ್ಟಿಕ್ ದಾರ ಕಟ್ಟಿ, ಮೇಲೆ ಬಂಗಾರದ ಬಣ್ಣದ ಕಾಗದ ಸುತ್ತಿದ್ದೆವು. ಅದು ಮುರಿಯಬೇಕಾದದ್ದು ರಾಮನ ಕೈಯಲ್ಲಿ. ಆದರೆ ರಾವಣನಾಗಿದ್ದ ಏಳನೆಯ ಇಯತ್ತೆಯ ಹುಡುಗ ಸುಮ್ಮನೆ ಎತ್ತಿ ನೋಡುವಾಗಲೇ ಲಟಕ್ಕನೆ ಮುರಿದು, ಸೀತೆ ಹಾರ ಹಿಡಿದುಕೊಂಡು ಯಾರ ಕಡೆಗೆ ಹೋಗಬೇಕೆಂದು ತಿಳಿಯದೆ ನಿಂತುಬಿಟ್ಟಳು. ಮಂದಿ ನಕ್ಕದ್ದು ಇನ್ನೂ ನನ್ನ ಕಿವಿಯಲ್ಲಿದೆ. ಈ ಸಲ ಎಳೆದರೆ ಬಾಗುವ, ಬಿಟ್ಟರೆ ನೆಟ್ಟಗಾಗುವ ಖರೇ ಬಿಲ್ಲೇ ಬೇಕು ಎಂದು ಹಠ ಹಿಡಿದು, ದಸರೆಯ ಸೂಟಿಯಲ್ಲಿ ತವರಿಗೆ ಹೋದಾಗ ನಮ್ಮ ಓಣಿಯ ಬಡಿಗ್ಯಾರ ಅಜ್ಜನನ್ನು ಕಂಡೆ.

ಯಾವಗಲ್ ನನ್ನ ತವರು. ರೋಣ ತಾಲ್ಲೂಕಿನ ಎರೆಭೂಮಿಯ ಊರು. ಹತ್ತಿ, ಬಿಳಿಜೋಳ, ಕಡಲೆ ಬೆಳೆಯುವ ಸೀಮೆ. ನಾವು ಸಣ್ಣವರಿದ್ದಾಗ ಕಂಡ ಬಿಲ್ಲೆಂದರೆ ಪಿಂಜಾರರ ಬಿಲ್ಲು ಒಂದೇ. ಅದನ್ನು ಹೆಗಲ ಮೇಲೆ ಹೊತ್ತು ಬಂದು, ಪಡಸಾಲೆಯಲ್ಲಿ ಕೂತು, ನರದ ಹೆದೆಯನ್ನು ಕಟ್ಟಿಗೆಯ ಗುಂಡಿನಿಂದ ಬಡಿಯುತ್ತ ಗಾದಿಗೆ ಅರಳೆ ಹಿಂಜಿ ಕೊಡುತ್ತಿದ್ದರು. ಆ ಸಪ್ಪಳ ಕೇಳಿದರೆ ನಾವು ಮಕ್ಕಳೆಲ್ಲ ಅಲ್ಲಿ ಹಾಜರು. ಆ ಬಿಲ್ಲಿನ ಕಟ್ಟಿಗೆ ಬಾಗುವುದಿಲ್ಲ, ಹೆದೆಯಷ್ಟೇ ನಡುಗುತ್ತದೆ. ಬಾಣ ಬಿಡುವ ಬಿಲ್ಲಿನ ಸಂಗತಿ ಬೇರೆ. ಅಲ್ಲಿ ಕಟ್ಟಿಗೆಯೇ ಬಾಗಬೇಕು. ಬಾಗಿದ್ದೇ ಅದರ ಶಕ್ತಿ. ಈ ಮಾತು ನನಗೆ ಆಗ ಗೊತ್ತಿರಲಿಲ್ಲ.

ಅಜ್ಜನಿಗೆ ಎಂಬತ್ತರ ಹತ್ತಿರ ವಯಸ್ಸು. ಚಕ್ಕಡಿ, ಕೂರಿಗೆ, ಕುಂಟೆ ಮಾಡಿ ಬಾಳಿದ ಕೈ. ಟ್ರ್ಯಾಕ್ಟರು ಬಂದ ಮೇಲೆ ಮಕ್ಕಳು ಬಾಗಿಲು ಚೌಕಟ್ಟಿನ ಕೆಲಸಕ್ಕೆ ನಿಂತರು, ಅಜ್ಜ ಕಟ್ಟೆಯ ಮೇಲೆ ಕೂತರು. ಹಿಂದೆ ಬಯಲಾಟದವರಿಗೆ ಬಿಲ್ಲು ಮಾಡಿಕೊಟ್ಟದ್ದುಂಟಂತೆ. ನನ್ನ ಮಾತು ಕೇಳಿ ಅವರ ಮುಖ ಅರಳಿತು. "ಖಂಡೇಪೂಜಿ ಮುಗೀಲಿ ಅಕ್ಕಾರ, ಪೂಜಿಗಿಟ್ಟ ಉಳಿ ಬಾಚಿ ಈಗ ಎತ್ತೂ ಹಂಗಿಲ್ಲ. ಬನ್ನಿ ಮುಡದ ಮರುದಿನ ಬರ್ರಿ" ಎಂದರು. ಮರುದಿನ ಹೋದಾಗ ಅಟ್ಟದ ಮೇಲಿಂದ ಒಂದು ಕಟ್ಟಿಗೆ ಇಳಿಸಿ ಇಟ್ಟಿದ್ದರು. ಚಕ್ಕಡಿಯ ಕೆಲಸಕ್ಕೆಂದು ಎಂದೋ ಹಳಿಯಾಳದ ಕಡೆಯಿಂದ ತರಿಸಿದ್ದ ತಡಸಲು. ಬಾಗಿದರೂ ಮುರಿಯದ ಮರವೆಂದು ಇದಕ್ಕೆ ಸಂಸ್ಕೃತದಲ್ಲಿ ಧನುರ್ವೃಕ್ಷವೆಂಬ ಹೆಸರೇ ಇದೆ. ಏಕಲವ್ಯನಾಗುವವಳು ಎಂಟನೆಯ ಇಯತ್ತೆಯ ಹುಡುಗಿ. ಅವಳ ಎತ್ತರ ಕೇಳಿ, ನಾಲ್ಕೂವರೆ ಅಡಿಗೆ ಗುರುತು ಹಾಕಿದರು.

ನಾಲ್ಕು ದಿನ ಸಂಜೆ ನಾನು ಅವರ ಅಂಗಳದಲ್ಲಿ ಕೂತು ನೋಡಿದೆ. ಬಿಲ್ಲಿಗೂ ಬೆನ್ನು ಹೊಟ್ಟೆ ಇರುತ್ತವೆ. ಗುರಿಯ ಕಡೆಗಿರುವುದು ಬೆನ್ನು, ನಮ್ಮ ಕಡೆಗಿರುವುದು ಹೊಟ್ಟೆ. ಎಳೆದಾಗ ಬೆನ್ನಿನ ಎಳೆಗಳು ಹಿಗ್ಗುತ್ತವೆ, ಹೊಟ್ಟೆಯವು ಕುಗ್ಗುತ್ತವೆ. ಬೆನ್ನಿನ ಒಂದು ಎಳೆ ಕಡಿದರೂ ಅಲ್ಲಿಂದಲೇ ಸಿಬಿರೆದ್ದು ಮುರಿಯುತ್ತದೆ. ಆದ್ದರಿಂದ ಬೆನ್ನಿಗೆ ಉಳಿ ತಾಗಿಸುವಂತಿಲ್ಲ. ಏನು ತೆಗೆದರೂ ಹೊಟ್ಟೆಯ ಕಡೆಯಿಂದ. ಗಂಟು ಬಂದಲ್ಲಿ ಸುತ್ತ ತುಸು ಕಟ್ಟಿಗೆ ಹೆಚ್ಚಾಗಿಯೇ ಬಿಡಬೇಕು. ಬಾಚಿಯಿಂದ ಒರಟಾಗಿ ಕೆತ್ತಿ, ಉಜ್ಜುಗೊರಡು ಹೊಡೆದು, ನಡುವೆ ಹಿಡಿಯನ್ನು ದಪ್ಪಗೆ ಬಿಟ್ಟು, ಎರಡು ಕಡೆ ತೋಳುಗಳನ್ನು ತುದಿಯತ್ತ ತೆಳ್ಳಗೆ ಮಾಡುತ್ತ ಹೋದರು. ಎರಡು ದಿನಕ್ಕೆ ಅದು ಬಿಲ್ಲಿನಂತೆ ಕಂಡಿತು. "ಮುಗೀತಲ್ರಿ ಅಜ್ಜಾರ?" ಎಂದೆ. "ಈಗ ಸುರು ಆತು ನೋಡ್ರಿ" ಎಂದರು.

ಗೋಡೆಗೆ ಒಂದು ಹಲಗೆ ಬಡಿದು, ಅದರ ಕಚ್ಚಿನಲ್ಲಿ ಬಿಲ್ಲಿನ ಹಿಡಿ ಕೂಡಿಸಿ, ಸಡಿಲಾಗಿ ಹಗ್ಗದ ಹೆದೆ ಕಟ್ಟಿದರು. ಕೆಳಗೆ ಬಾವಿಯ ಹಳೆಯ ಗಡಗಡಿ. ಹೆದೆಗೆ ಕಟ್ಟಿದ ಇನ್ನೊಂದು ಹಗ್ಗ ಗಡಗಡಿಯ ಕೆಳಗೆ ಹಾದು ಅಂಗಳದ ತುದಿಗೆ ಬಂದಿತ್ತು. ಹತ್ತು ಹೆಜ್ಜೆ ಹಿಂದೆ ನಿಂತು ಅಜ್ಜ ಹಗ್ಗವನ್ನು ಮೆಲ್ಲಗೆ ಒಂದು ಗೇಣು ಎಳೆದರು. ಸನಿಹದಲ್ಲಿ ನಿಂತರೆ ಬಿಲ್ಲಿನ ಬಾಗು ತಿಳಿಯುವುದಿಲ್ಲವಂತೆ. ದೂರದಿಂದ ನೋಡಿದಾಗ ನನಗೂ ಕಂಡಿತು: ಎಡದ ತೋಳು ಎಳೆಬಾಳೆಯಂತೆ ಬಾಗುತ್ತಿತ್ತು, ಬಲದ್ದು ಸೆಟೆದುಕೊಂಡು ನಿಂತಿತ್ತು.

"ನೋಡ್ರಿ, ಎಡಗಡೆದು ಚಂದ ಬಾಗಲಿಕ್ಕ ಹತ್ತೈತಿ, ಬಲಗಡೆದು ಹಠ ಹಿಡದೈತಿ" ಎಂದರು. ನಾನು ನನ್ನ ಬುದ್ಧಿಯಂತೆ, "ಇರಲಿ ಬಿಡ್ರಿ, ಎಡಗಡೆದು ಹೆಂಗೂ ಬಾಗತೈತಲ್ಲ, ಅದನ್ನ ಇನ್ನಷ್ಟು ಹೆರದು ಹೊಂದಸ್ರಿ" ಎಂದೆ. ಅಜ್ಜ ಹಗ್ಗ ಬಿಟ್ಟು ನನ್ನ ಮುಖ ನೋಡಿದರು. "ಎಲ್ಲಾರೂ ಮಾಡೂದು ಅದನ್ನ ಅಕ್ಕಾರ. ಬಾಗೂದನ್ನ ಬಗ್ಗಸ್ತಾರ. ಅದು ಮುರದ ಮ್ಯಾಲ, ಕಟಗೀನ ಸುಮಾರಿತ್ತು ಅಂತಾರ."

ಮುಂದಿನದನ್ನು ಅವರು ಹೇಳಲಿಲ್ಲ, ಮಾಡಿ ತೋರಿಸಿದರು. ಬಾಗುವ ಜಾಗಕ್ಕೆ ಕೈಯನ್ನೇ ಹಚ್ಚಲಿಲ್ಲ. ಬಾಗದ ಜಾಗಕ್ಕೆ ಇದ್ದಿಲಿನಿಂದ ಗುರುತು ಮಾಡಿ, ಒಡೆದ ಗಾಜಿನ ಚೂರಿನಿಂದ ಅಲ್ಲಷ್ಟೇ ಹೆರೆದರು. ಹೊಟ್ಟಿನಂಥ ತೆಳುವಾದ ಹೆರೆತ, ಎಂಟು ಹತ್ತು ಸಲ. ಮತ್ತೆ ಹಲಗೆಗೆ ಏರಿಸಿ, ಮೆಲ್ಲಗೆ ಮೂವತ್ತು ಸಲ ಎಳೆದು ಬಿಟ್ಟರು. ಹೆರೆದದ್ದು ಕಟ್ಟಿಗೆಗೆ ತಿಳಿಯಬೇಕಾದರೆ ಅಷ್ಟು ಸಲ ಎಳೆಯಬೇಕಂತೆ. ಮತ್ತೆ ದೂರ ನಿಂತು ನೋಡಿದರು, ಮತ್ತೆ ಇದ್ದಿಲು, ಮತ್ತೆ ಗಾಜು. ತೆಗೆದದ್ದನ್ನು ಮರಳಿ ಅಂಟಿಸಲು ಬರುವುದಿಲ್ಲ, ಆದ್ದರಿಂದ ಅವಸರವಿಲ್ಲ. ಎರಡೂ ತೋಳು ಸಮನಾಗಿ ಬಾಗುವವರೆಗೆ ಒಂದು ಗೇಣಿಗಿಂತ ಹೆಚ್ಚು ಎಳೆಯಲೂ ಇಲ್ಲ.

ಈ ಕೆಲಸ ಎಷ್ಟು ಹಳೆಯದೆಂದು ಆಮೇಲೆ ಓದಿ ತಿಳಿದೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ, ಇಟಲಿ ಆಸ್ಟ್ರಿಯಾಗಳ ಗಡಿಯ ಹತ್ತಿರ, ಸುಮಾರು 5,300 ವರ್ಷಗಳ ಹಿಂದಿನ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಅವನ ಜೊತೆ ಒಂದು ಬಿಲ್ಲಿತ್ತು, 1.82 ಮೀಟರ್ ಉದ್ದದ್ದು, ಯೂ ಎಂಬ ಮರದ್ದು. ಅದರ ಮೇಲೆ ಕೊಡಲಿಯ ಗುರುತುಗಳು ಹಾಗೆಯೇ ಉಳಿದಿದ್ದವು, ಕೆಲಸ ಮುಗಿದಿರಲಿಲ್ಲ. ಯಾವ ತೋಳಿನಿಂದ ಎಷ್ಟು ತೆಗೆಯಬೇಕೆಂಬುದು ಅವನಿಗೂ ಬಾಕಿ ಇತ್ತು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮವ್ವ ಮಾತುಮಾತಿಗೆ ಅನ್ನುತ್ತಿದ್ದ ಗಾದೆ ನೆನಪಾಯಿತು: ಬಗ್ಗಿದವರಿಗೊಂದು ಗುದ್ದು ಹೆಚ್ಚು. ಅದನ್ನು ಅವ್ವ ಬೇಸರದಿಂದ ಅನ್ನುತ್ತಿದ್ದಳು. ನಾನು ಅದು ಲೋಕದ ದುಷ್ಟರ ಮಾತು, ನಮ್ಮಂಥವರದಲ್ಲ ಎಂದುಕೊಂಡಿದ್ದೆ. ಗುದ್ದುವವರು ಮೀಸೆ ಇದ್ದವರು, ಕೋಲು ಹಿಡಿದವರು ಎಂದು ನನ್ನ ಎಣಿಕೆ. ಆದರೆ ಮೂವತ್ತು ವರ್ಷ ಮಾಸ್ತರಕಿ ಮಾಡಿದ ನಾನು ಮಾಡಿದ್ದೇನು? ಒಂದೇ ಬೆಂಚಿನ ಮೇಲೆ ಇಬ್ಬರು ಜಗಳ ಕಾಯ್ದರೆ, ಹಟಮಾರಿಗೆ ಹೇಳಿ ಪ್ರಯೋಜನವಿಲ್ಲವೆಂದು, ಮೆತ್ತಗಿನ ಮಗುವಿಗೆ "ನೀ ಶಾಣ್ಯಾ ಅದಿ, ನೀನರ ಸುಮ್ಮನಿರು" ಎಂದೆ. ಆ ಮಗು ಸುಮ್ಮನಾಯಿತು, ತರಗತಿ ಶಾಂತವಾಯಿತು, ನಾನು ಪಾಠ ಮುಂದುವರಿಸಿದೆ. ಮನೆಯಲ್ಲಿ ಅತ್ತೆ ಸೊಸೆಗೆ, ಅಣ್ಣ ತಂಗಿಗೆ ಮಾತು ಬೆಳೆದಾಗ ನಾವೆಲ್ಲ ಬುದ್ಧಿ ಹೇಳಲು ಹೋಗುವುದು ಯಾರ ಬಳಿಗೆ? ಕೇಳುವವರ ಬಳಿಗೆ. ಕೇಳದವರ ಹತ್ತಿರ ಹೋಗಲು ನಮಗೇ ಅಂಜಿಕೆ. ಆಮೇಲೆ ಕೇಳಿದವರನ್ನು ಹೊಗಳುತ್ತೇವೆ. ತಾಳಿದವರು ಬಾಳಿಯಾರು ಎನ್ನುತ್ತೇವೆ. ಹೊಗಳಿಕೆ ಬಹಳ ಹರಿತವಾದ ಉಳಿ, ತಾಗಿದ್ದು ಗೊತ್ತಾಗುವುದಿಲ್ಲ.

ಇದನ್ನು ತತ್ವವಾಗಿ ಹೇಳಿ ಮುಗಿಸಬಹುದಿತ್ತು. ಆದರೆ ಆ ರಾತ್ರಿ ನನ್ನನ್ನು ಎಚ್ಚರವಿಟ್ಟದ್ದು ತತ್ವವಲ್ಲ, ನನ್ನ ಮಗಳು.

ನನಗೆ ಇಬ್ಬರು ಮಕ್ಕಳು. ದೊಡ್ಡವಳು ಮಗಳು, ಸಣ್ಣವನು ಮಗ. 2012ರಲ್ಲಿ ಅವಳ ಪಿ.ಯು.ಸಿ., ಅವನ ಎಸ್.ಎಸ್.ಎಲ್.ಸಿ. ಒಟ್ಟಿಗೇ ಮುಗಿದವು. ಅವಳಿಗೆ ಧಾರವಾಡದಲ್ಲಿದ್ದು ಕೃಷಿ ಪದವಿ ಓದುವ ಆಸೆ. ಒಳ್ಳೆಯ ಗುಣಗಳೂ ಬಂದಿದ್ದವು. ಅವನಿಗೆ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದು ಸಾಯನ್ಸ್ ಓದುವ ಹಠ, ಗುಣ ಅಷ್ಟಕ್ಕಷ್ಟೇ. ಇಬ್ಬರನ್ನೂ ಹೊರಗಿಡುವಷ್ಟು ರೊಕ್ಕ ಇರಲಿಲ್ಲ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಬೇರೆ. ಮಗ ಎರಡು ದಿನ ಉಣ್ಣಲಿಲ್ಲ. ನಾನು ಮಗಳ ಬಳಿಗೆ ಹೋದೆ. ಹೆಚ್ಚು ಹೇಳಬೇಕಾಗಲೇ ಇಲ್ಲ. "ಆತವ್ವ, ನಾ ಇಲ್ಲೇ ಬಸ್ಸಿಗೆ ಹೋಗಿಬಂದು ಬಿ.ಎ. ಮಾಡ್ತೀನಿ" ಎಂದಳು. ಓಣಿಯವರೆಲ್ಲ ಕೇಳುವಂತೆ ನಾನು "ನನ್ನ ಮಗಳು ಬಂಗಾರ" ಎಂದೆ. ಅವಳು ನಕ್ಕಳು. ಮೂರು ವರ್ಷ ಅಜ್ಜಿಯ ಸೇವೆ ಮಾಡಿ, ಬಿ.ಎ. ಮುಗಿಸಿ, ಹೇಳಿದಲ್ಲಿ ಲಗ್ನವಾಗಿ ಹೋದಳು. ಅಲ್ಲಿಯೂ ಅವಳಿಗೆ ಒಳ್ಳೆಯ ಹೆಸರಿದೆ. ಏನು ಹೇಳಿದರೂ ಒಲ್ಲೆ ಎನ್ನದ ಸೊಸೆ ಎಂದು ಬೀಗರು ಹೇಳಿದಾಗ ನಾನು ಉಬ್ಬಿದ್ದೇನೆ.

ಬಿಲ್ಲು ಮಾಡಿಸಿದ ವರ್ಷವೇ ಪಂಚಮಿಗೆ ಬಂದಾಗ, "ಈ ಸಲ ಎಂಥಾ ಸೀರಿ ಬೇಕವ್ವ?" ಎಂದು ಕೇಳಿದ್ದೆ. "ನಿನಗ ಸೇರಿದ್ದು ತಗೋ" ಎಂದಳು. ಹುಡುಗಿ ಎಷ್ಟು ಸರಳ ಎಂದುಕೊಂಡೆ. ಅಜ್ಜನ ಮನೆಯ ಮೂಲೆಯಲ್ಲಿ ಒಂದು ಹಳೆಯ ಬಿಲ್ಲು ನಿಂತಿತ್ತು. ಹೆದೆ ಇರಲಿಲ್ಲ, ಆದರೂ ಅದು ಬಾಗಿಯೇ ಇತ್ತು. ಕೇಳಿದೆ. "ಅದನ್ನ ಹೆದಿ ಇಳಸದನ ಹಂಗ ಇಟ್ರು. ಈಗ ಹೆದಿ ಬಿಚ್ಚಿದ್ರೂ ನೆಟ್ಟಗಾಗಂಗಿಲ್ಲ, ಬಾಣಾನೂ ದೂರ ಒಗಿಯಂಗಿಲ್ಲ" ಎಂದರು. ಸೀರೆಯ ಮಾತಿಗೆ ಮಗಳು ಕೊಟ್ಟ ಉತ್ತರ ಆಗ ನನಗೆ ಇನ್ನೊಂದು ರೀತಿಯಲ್ಲಿ ಕೇಳಿಸಿತು. ತನಗೇನು ಬೇಕೆಂದು ಹೇಳದೆ ಹೇಳದೆ, ಏನು ಬೇಕೆಂಬುದೇ ಅವಳಿಗೆ ಮರೆತುಹೋಗಿದೆಯೇ?

ಹೆದೆ ಇಳಿಸುವುದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮೂರಿಂದ ಪಟ್ಟದಕಲ್ಲು ದೂರವಿಲ್ಲ. ಅಲ್ಲಿ 8ನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಕಂಬಗಳಲ್ಲಿ ರಾಮಾಯಣ ಮಹಾಭಾರತದ ಕಥೆಗಳನ್ನು ಕೆತ್ತಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಕಂಡ ಬಿಲ್ಲುಗಳೆಲ್ಲ ಹೆದೆ ಏರಿಸಿದವೇ. ಚಿತ್ರ ಬರೆಯುವವರೂ ಹಾಗೆಯೇ ಬರೆಯುತ್ತಾರೆ. ಕೆಲಸ ಮುಗಿದ ಮೇಲೆ ನೆಟ್ಟಗೆ ಒರಗಿ ವಿಶ್ರಾಂತಿ ತೆಗೆದುಕೊಳ್ಳುವ ಬಿಲ್ಲು ನಮ್ಮ ಕಣ್ಣಿಗೆ ಬಿಲ್ಲೇ ಅಲ್ಲ, ಬರೀ ಬಡಿಗೆ. ಮನೆಯ ಹೆಣ್ಣುಮಗಳು ಮಧ್ಯಾಹ್ನ ಅರ್ಧ ತಾಸು ಸುಮ್ಮನೆ ಕೂತರೆ ನಮಗೆ ಕಾಣುವುದೂ ಹಾಗೆಯೇ ಅಲ್ಲವೇ?

ಇಷ್ಟಕ್ಕೆ ನನ್ನ ಸಂಶಯಗಳು ಮುಗಿಯಲಿಲ್ಲ. ಬಾಗದ ತೋಳಿನಿಂದ ಕಟ್ಟಿಗೆ ತೆಗೆಯುವುದೆಂದರೆ ಗಟ್ಟಿ ಇದ್ದವರನ್ನು ಸೊರಗಿಸಿ ಸಮ ಮಾಡಿದಂತಲ್ಲವೇ? ತರಗತಿಯಲ್ಲಿ ಜಾಣ ಮಗುವಿನ ಜಾಣತನವನ್ನು ಕಡಿಮೆ ಮಾಡಿ ದಡ್ಡ ಮಗುವಿಗೆ ನ್ಯಾಯ ಕೊಡಲಾದೀತೇ? ಅಜ್ಜನಿಗೆ ಇದನ್ನೇ ಕೇಳಿದೆ. "ಅದು ಗಟ್ಟಿ ಅಲ್ರಿ, ಅದು ದುಡಿಯಾಕ ಒಲ್ಲದ್ದು" ಎಂದರು. ಬಿಲ್ಲಿನಲ್ಲಿ ಬಾಗುವುದೇ ದುಡಿತ. ಸೆಟೆದು ನಿಂತ ತೋಳು ತನ್ನ ಪಾಲಿನ ದುಡಿತವನ್ನು ಇನ್ನೊಂದರ ಮೇಲೆ ಹೊರಿಸಿರುತ್ತದೆ. ಅದನ್ನು ಹೆರೆದರೆ ಅದರ ಪಾಲು ಅದಕ್ಕೆ ಕೊಟ್ಟಂತೆ. ಬಿಲ್ಲಿನ ಒಟ್ಟು ಬಿಗಿ ಒಂದಿಷ್ಟು ಇಳಿಯುವುದು ನಿಜ. ಬಾಣ ನಾಲ್ಕು ಮಾರು ಈಚೆಗೆ ಬೀಳಬಹುದು. ಆದರೆ ಬಿಲ್ಲು ಬಹಳ ದಿನ ಬಾಳುತ್ತದೆ.

ಸಮ ಎಂದರೆ ಅಳತೆಯಲ್ಲಿ ಸಮ ಎಂದೂ ಅಲ್ಲ. ಬಿಲ್ಲನ್ನು ನಡುವೆ ಹಿಡಿಯುತ್ತೇವೆ, ಬಾಣ ಕೈಯ ಮೇಲಿನಿಂದ ಹೋಗುತ್ತದೆ. ಹೀಗಾಗಿ ಕೆಳತೋಳನ್ನು ಒಂದೆಳೆ ಬಿರುಸಾಗಿಯೇ ಬಿಡುತ್ತಾರೆ. ಜಪಾನಿನವರ ಬಿಲ್ಲು ಏಳಡಿಗೂ ಹೆಚ್ಚು ಉದ್ದ. ಅದರ ಹಿಡಿ ಇರುವುದು ಕೆಳಗಿನಿಂದ ಸುಮಾರು ಮೂರನೆಯ ಒಂದು ಪಾಲಿನಲ್ಲಿ. ಮೇಲಿನ ತೋಳು ಕೆಳಗಿನದರ ಹೆಚ್ಚುಕಡಿಮೆ ಎರಡು ಪಟ್ಟು. ಆದರೂ ಬಾಣ ನೆಟ್ಟಗೆ ಹೋಗುತ್ತದೆ. ಇಬ್ಬರು ಮಕ್ಕಳಿಗೆ ಒಂದೇ ಅಳತೆಯ ಅಂಗಿ ಹೊಲಿಸಬೇಕಿಲ್ಲ. ಭಾರ ಯಾರ ಮೇಲೆ ಎಷ್ಟು ಬಿದ್ದಿದೆ ಎಂದು ಹತ್ತು ಹೆಜ್ಜೆ ಹಿಂದೆ ಸರಿದು ನೋಡುವ ಕಣ್ಣು ಬೇಕು.

ನಾವು ಆಡಿಸಲಿದ್ದ ನಾಟಕವೂ ನನಗೆ ಆಗ ಬೇರೆಯಾಗಿ ಕಂಡಿತು. 'ಏಕಲವ್ಯನ ಗುರುಭಕ್ತಿಯನ್ನು ವಿವರಿಸಿರಿ' ಎಂದು ಎಷ್ಟು ವರ್ಷ ಪರೀಕ್ಷೆಗೆ ಪ್ರಶ್ನೆ ಹಾಕಿದ್ದೇನೋ! ತನಗೆ ಸಮನಾದವರು ಇರಬಾರದೆಂಬುದು ಅರ್ಜುನನ ಆಸೆ. ಇರುವುದಿಲ್ಲವೆಂದು ದ್ರೋಣರು ಕೊಟ್ಟ ಮಾತು. ಇಬ್ಬರಲ್ಲಿ ಬಾಗಿ ನಿಂತವನು ಕಾಡಿನ ಹುಡುಗ. ಹೆರೆದದ್ದು ಅವನನ್ನೇ. ಅರ್ಜುನನ ಆಸೆಯನ್ನು ಒಂದೆಳೆ ಹೆರೆಯಲು ಗುರುವಿಗೆ ಮನಸ್ಸಾಗಲಿಲ್ಲ. ಹೆಬ್ಬೆರಳು ಕೊಟ್ಟವನನ್ನು ಇಂದಿನವರೆಗೂ ಹೊಗಳುತ್ತಲೇ ಇದ್ದೇವೆ.

ನಾಟಕ ಚೆನ್ನಾಗಿ ಆಯಿತು, ಬಿಲ್ಲು ಮುರಿಯಲಿಲ್ಲ. ಅಜ್ಜ ಹೇಳಿಕೊಟ್ಟಂತೆ ಆ ಹುಡುಗಿ ಆಟ ಮುಗಿದ ಕೂಡಲೇ, ಬಣ್ಣವನ್ನೂ ತೊಳೆಯದೆ, ಮೊದಲು ಹೆದೆ ಇಳಿಸಿದಳು.

ಮರುವರ್ಷ ನಮ್ಮ ಯಜಮಾನರಿಗೆ ಕಣ್ಣಿನ ಪೊರೆಯ ಆಪರೇಶನ್ ಬಂತು. ಜೊತೆಗೆ ಯಾರಾದರೂ ಎರಡು ದಿನ ಇರಬೇಕು. ಫೋನ್ ಕೈಗೆತ್ತಿಕೊಂಡಾಗ ನನ್ನ ಬೆರಳು ತಾನಾಗಿಯೇ ಮಗಳ ನಂಬರಿಗೆ ಹೋಯಿತು. ಅವಳು ಮರುಮಾತಿಲ್ಲದೆ, ಎರಡು ಬಸ್ಸು ಬದಲಿಸಿ, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದಳು. ಬೆರಳು ತಡೆದು ಬೆಂಗಳೂರಿಗೆ, ಮಗನಿಗೆ ಫೋನ್ ಮಾಡಿದೆ. ರಜೆ ಇಲ್ಲವೆಂದ. "ಅಕ್ಕಗ ಹೇಳಬಾರದೇನು?" ಎಂದ. "ಇಲ್ಲಪ್ಪ, ನಿನಗ ಹೇಳಲಿಕ್ಕ ಹತ್ತೇನಿ" ಎಂದೆ. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ಅವನಿಗೆ ಅಂಥ ಮಾತು ಆಡಿದ್ದು ಅದೇ ಮೊದಲು. ಅವನು ಬಂದ. ಎರಡು ದಿನ ಅಪ್ಪನ ಕಣ್ಣಿಗೆ ಔಷಧ ಹಾಕಿದ, ಸಕ್ಕರೆ ಮರೆತು ಚಹಾ ಮಾಡಿದ. ಗೊಣಗಿದ, ಆದರೆ ಮುರಿಯಲಿಲ್ಲ.

ಎಲ್ಲ ಸರಿಹೋಯಿತೆಂದು ನಾನು ಹಿಗ್ಗುವಷ್ಟರಲ್ಲಿ ಮಗಳ ಫೋನ್ ಬಂತು. "ಅಪ್ಪಗ ಆಪರೇಶನ್ ಆದ್ರೂ ನನಗ ಹೇಳಲಿಲ್ಲಲ್ಲವ್ವ? ನಾ ಏನು ಪರಕೀಯಳಾದೆನ?" ಎಂದು ಅತ್ತಳು. ನನಗೆ ಉತ್ತರ ಹೊಳೆಯಲಿಲ್ಲ. ಬಾಗುವುದೊಂದನ್ನೇ ನಾವು ಅವಳ ಯೋಗ್ಯತೆ ಎಂದು ಕಲಿಸಿದ್ದೆವು. ಅದನ್ನು ಕೇಳದೆ ಬಿಟ್ಟರೆ ಅವಳಿಗೆ ತಾನು ಬೇಡವಾದೆನೆಂದೇ ಅನ್ನಿಸಿತು. ಭಾರ ಇಳಿಸಿದರಾಯಿತು ಎಂದು ತಿಳಿದಿದ್ದೆ. ಭಾರ ಇಲ್ಲದಾಗಲೂ ನೀನು ನಮಗೆ ಬೇಕು ಎಂಬುದನ್ನು ಮೂವತ್ತು ಸಲವಾದರೂ ಹೇಳದಿದ್ದರೆ ಅವಳ ಮನಸ್ಸಿಗೆ ಅದು ಹೇಗೆ ತಿಳಿದೀತು? ಅಂದಿನಿಂದ ಕೆಲಸವಿಲ್ಲದಾಗ ಫೋನ್ ಮಾಡುತ್ತೇನೆ. ಮೊದಮೊದಲು "ಏನಾಗಬೇಕಿತ್ತವ್ವ?" ಎಂದೇ ಮಾತು ಶುರು ಮಾಡುತ್ತಿದ್ದಳು. "ಏನಿಲ್ಲ, ಸುಮ್ಮನ" ಎನ್ನುತ್ತಿದ್ದೆ. ಅದನ್ನು ನಂಬಲು ಅವಳಿಗೆ ಬಹಳ ದಿನ ಹಿಡಿಯಿತು.

ಈ ಪಂಚಮಿಗೆ ಬಂದಾಗ ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ನನ್ನ ರೂಢಿ ಬಲ್ಲವನು, ಕೇಳುವ ಮೊದಲೇ ಹಸಿರು ಇಳಕಲ್ ಸೀರೆಗಳನ್ನು ತೆಗೆದು ಹರವಿದ. ನಾನು ಬಾಯಿ ತೆರೆಯಲಿಲ್ಲ. ಅವಳು ನನ್ನ ಮುಖ ನೋಡಿದಳು, ಸೀರೆಯ ಸೆರಗು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಕಡೆಗೆ ಮೆಲ್ಲಗೆ, "ಹಸರ ಬ್ಯಾಡವ್ವ, ನನಗ ಹಸರ ಮೊದಲಿಂದ ಸೇರಂಗಿಲ್ಲ" ಎಂದಳು.

ಲಗ್ನವಾದಾಗಿನಿಂದ ಪ್ರತಿ ಪಂಚಮಿಗೆ ನಾನು ಅವಳಿಗೆ ಹಸಿರು ಸೀರೆಯನ್ನೇ ಉಡಿಸುತ್ತ ಬಂದಿದ್ದೆ.